ಹೊಲಿಗೆ ಕ್ಲಾಸಿನ ಹಾಜರಿ ಪುಸ್ತಕ

ಗಾರ್ಮೆಂಟ್ಸ್‌ನಲ್ಲಿ ನಗು ಬರುವಂಥದ್ದು ದಿನಾ ಒಂದಲ್ಲ ಒಂದು ನಡೆಯುತ್ತದೆ, ಟಾರ್ಗೆಟ್ ಮುಗಿಸುವ ಗಡಿಬಿಡಿಯಲ್ಲಿ ನಗುವುದಕ್ಕೇ ಬಿಡುವಿರುವುದಿಲ್ಲ. ಟಾರ್ಗೆಟ್ ಎಂದರೆ ಗಂಟೆಗೆ ಇಷ್ಟು ಪೀಸ್ ಹೊಲಿಯಬೇಕು ಎಂಬ ಕಟ್ಟಳೆ. ನಾನು ಹಿಂದೆ ಏನನ್ನೂ ಬರೆದವಳಲ್ಲ, ಅರ್ಥವಾಗದೆ ಹೋದೀತೆಂಬ ಭಯಕ್ಕೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೇನೆ.

ಮದ್ದೂರಿನ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ನಾನು ಟೈಲರ್. ಯೂನಿಯನ್ ಕಮಿಟಿಯಲ್ಲೂ ಇದ್ದೇನೆ. ನಮ್ಮ ಯೂನಿಯನ್ನಿನವರು ಬಹಳ ದಿನ ಜಗ್ಗಾಡಿ ಒಂದು ಹಕ್ಕು ಪಡೆದರು: ವಾರಕ್ಕೆ ಎರಡು ಗಂಟೆ, ಕೆಲಸದ ಹೊತ್ತಿನಲ್ಲೇ, ಸಂಬಳ ಹಿಡಿಯದೆ ತರಬೇತಿ. ಸರ್ಟಿಫಿಕೇಟ್ ಸಿಕ್ಕರೆ ಹೆಲ್ಪರ್ ಆದವರು ಟೈಲರ್ ಆಗಬಹುದು, ಟೈಲರ್ ಆದವರು ಮೇಲಿನ ಗ್ರೇಡಿಗೆ ಹೋಗಬಹುದು. ಅರ್ಜಿ ಬರೆಯುವುದು, ಹಾಜರಿ ಹಾಕಿಸುವುದು ನನ್ನ ಪಾಲಿಗೆ ಬಂತು. ಎಡವಟ್ಟುಗಳೆಲ್ಲ ಅಲ್ಲಿಂದಲೇ ಶುರು.

1. ಅತ್ತೆಯ ಸಾಕ್ಷಿ

ನಮ್ಮಲ್ಲಿ ಆಫೀಸಿನಿಂದ ಕರೆ ಬಂತೆಂದರೆ ಬೈಗುಳಕ್ಕೇ ಎಂದು ಅರ್ಥ. ಇದನ್ನು ನಾನು ಯೋಚಿಸಲಿಲ್ಲ. ನಿಡಘಟ್ಟದಿಂದ ಬರುವ ಒಬ್ಬ ಹುಡುಗಿಗೆ, "ನಾಳೆ ನಿನಗೆ ಟ್ರೈನಿಂಗ್, ಆಫೀಸಿನೋರು ಹೆಸರು ಹಾಕವ್ರೆ" ಎಂದಷ್ಟೇ ಹೇಳಿ ಹೋದೆ. ಕೆಲಸ ಬರುವುದಿಲ್ಲ ಎಂದು ತೆಗೆಯುತ್ತಾರೆಂದು ತಿಳಿದು ಅವಳು ರಾತ್ರಿ ಊಟ ಮಾಡಲಿಲ್ಲವಂತೆ.

ಬೆಳಿಗ್ಗೆ ಗೇಟಿನಲ್ಲಿ ಅವಳ ಅತ್ತೆ ಸೆಕ್ಯೂರಿಟಿಯವನನ್ನು ಹಿಡಿದುಕೊಂಡಿದ್ದರು. ಸೊಸೆಗೆ ಎಂದೂ ಒಂದು ಒಳ್ಳೆಯ ಮಾತು ಆಡಿದವರಲ್ಲ ಆ ಯಮ್ಮ. "ನಮ್ಮುಡ್ಗಿ ಚಿನ್ನದಂಥೋಳು ಕಣಪ್ಪ. ಅವಳಂಗೆ ಗೇಯೋರು ನಮ್ಮೂರ್ನಾಗೇ ಇಲ್ಲ!"

ಸಮಾಧಾನ ಹೇಳಿ ಕಳಿಸುವಷ್ಟರಲ್ಲಿ ನನಗೆ ನಾಚಿಕೆಯಾಯಿತು. ಒಂದು ಮಾತು ಬಿಡಿಸಿ ಹೇಳಿದ್ದರೆ ಆ ಮುದುಕಿ ಬಸ್ಸು ಹತ್ತಿ ಬರಬೇಕಿರಲಿಲ್ಲ. ಸೊಸೆ ಮಾತ್ರ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: "ಅಕ್ಕೋ, ನಮ್ಮತ್ತೇನ ವಾರ ವಾರ ಇಂಗೇ ಎದರ್ಸಕ್ಕ."

2. ಚೆಂದದ ಅರ್ಜಿ

ನಮ್ಮ ಲೈನಿನಲ್ಲಿ ಕೊಪ್ಪದ ಒಬ್ಬ ಅಕ್ಕ ಇದ್ದಾರೆ. ಹದಿನಾಲ್ಕು ವರ್ಷದಿಂದ ಹೆಲ್ಪರ್. ಹೆಲ್ಪರ್ ಎಂದರೆ ಬಂಡಲ್ ಹೊರುವವರು, ದಾರದ ತುದಿ ಕತ್ತರಿಸುವವರು. ದಿನವಿಡೀ ನಿಂತೇ ಇರಬೇಕು. ಟೈಲರ್‌ಗಳು ರಜೆ ಹಾಕಿದಾಗೆಲ್ಲ ಅವರ ಮೆಷಿನ್ ಓಡಿಸಿ ಅಕ್ಕ ಎಲ್ಲವನ್ನೂ ಕಲಿತಿದ್ದರು, ಕಾಗದ ಮಾತ್ರ ಇರಲಿಲ್ಲ. "ರಿಟೈರ್ ಆಗೋದ್ರೊಳ್ಗೆ ನಂದೂ ಅಂತ ಒಂದು ಮಿಸಿನ್ ಮುಂದೆ ಕುಂತ್ಕಬೇಕು ಕಣಮ್ಮಿ. ಕಾಲು ಬಿದ್ದೋಯ್ತಾವೆ" ಎಂದು ಅರ್ಜಿ ಬರೆಸಲು ಬಂದರು.

ಹಾಗೆಯೇ ಬರೆದಿದ್ದರೆ ಸಾಕಿತ್ತು. ವಿನಯ ಇರಲಿ ಎಂದು ನಾನು, "ನನಗೆ ಹೊಲಿಗೆಯ ಗಂಧವೇ ಇಲ್ಲ, ತಾವು ದಯಮಾಡಿ ಕಲಿಸಬೇಕು" ಎಂದು ಬರೆದೆ. ಆಫೀಸಿನವರು ಓದಿ, ಗಂಧವೇ ಇಲ್ಲದವರು ಮೊದಲ ಬ್ಯಾಚಿಗೆ ಬೇಡ ಎಂದು ಎರಡನೆಯದಕ್ಕೆ ತಳ್ಳಿದರು. ಆರು ತಿಂಗಳು ಹೋಯಿತು.

ನಾನು ತಪ್ಪೊಪ್ಪಿಕೊಂಡಾಗ ಅಕ್ಕ ಹೇಳಿದರು: "ಏನೂ ಗೊತ್ತಿಲ್ದೋಳ್ನ ಅದ್ನಾಲ್ಕು ವರ್ಸ ಮಡಿಕಂಡವ್ರಲ್ಲ, ಕಂಪ್ನಿಯೋರು ಬಾಳ ಒಳ್ಳೇರು ಬುಡು."

3. ಸಹಿ

ಎರಡನೆಯ ಬ್ಯಾಚಿಗೆ ನಾನೂ ಸೇರಿದೆ. ಮೊದಲ ದಿನ ಓವರ್‌ಲಾಕ್ ಮೆಷಿನ್ನಿಗೆ ದಾರ ಪೋಣಿಸುವ ಪಾಠ. ಬಟ್ಟೆಯ ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಆ ಮೆಷಿನ್ನಿಗೆ ಐದು ದಾರ; ಒಂದು ತಪ್ಪಿದರೆ ಎಲ್ಲ ಬಿಚ್ಚಬೇಕು. ಮೈಸೂರಿನಿಂದ ಬಂದಿದ್ದ ಮೇಷ್ಟ್ರು ಕಾಲು ಗಂಟೆ ಬೆವರಿದರು. ಅಕ್ಕ ಎದ್ದು ಹೋಗಿ, "ಬುಡಿ ಸಾ, ನೀವು ಅತ್ಲಾಗೆ ಕುಂತ್ಕಳಿ" ಎಂದು ನಮ್ಮ ಕಡೆ ನೋಡಿಕೊಂಡೇ ಐದನ್ನೂ ಪೋಣಿಸಿದರು. ಮೇಷ್ಟ್ರು ಅಕ್ಕನ ಸ್ಟೂಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡರು. ಆಮೇಲೆ ಕೊನೆಯವರೆಗೂ ಅಕ್ಕನೇ ಪಾಠ ಮಾಡಿದರು. ಮೇಷ್ಟ್ರು ಬೇರೆ ಕೆಲಸ ಸಿಕ್ಕಿ ಹೊರಟೇ ಹೋದರು.

ಹಾಜರಿ ಪುಸ್ತಕವನ್ನು ನಾನು ಸ್ಟೂಲಿನಿಂದ ಸ್ಟೂಲಿಗೆ ದಾಟಿಸುತ್ತಿದ್ದೆ. ಕೂತವರೆಲ್ಲ ಸಹಿ ಹಾಕಿದರು. ಮುಂದೆ ನಿಂತವರಿಗೆ ಒಂದು ದಿನವೂ ಕೊಡಬೇಕೆಂದು ನನಗೆ ಹೊಳೆಯಲಿಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಆಫೀಸರು ಕ್ಯಾಂಟೀನಿಗೆ ಬಂದು, "ಕಲಿಸಿದವರ ಸಹಿ ಬೇಕಲ್ಲ, ಪಾಠ ಮಾಡಿದ್ದು ಯಾರು?" ಎಂದರು. ನಾವೆಲ್ಲ ಅಕ್ಕನ ಕಡೆ ಕೈ ತೋರಿಸಿದೆವು. "ಹಾಗಾದರೆ ಅವರೇ ಹಾಕಲಿ."

"ನನ್ ಸರ್ಟಿಪಿಕೇಟು ಎಲ್ಲಿ ಸಾ?" ಎಂದರು ಅಕ್ಕ.

ಆಫೀಸರು ಪುಸ್ತಕ ತಿರುವಿ, "ನಿಮ್ಮ ಹಾಜರಿ ಸೊನ್ನೆ ಇದೆ. ಮುಂದಿನ ಬ್ಯಾಚಿಗೆ ಬನ್ನಿ" ಎಂದರು.

ತಪ್ಪು ನನ್ನದು ಎಂದು ನಾನು ಎಷ್ಟು ಹೇಳಿದರೂ ಆಫೀಸರು ಕೇಳಲಿಲ್ಲ. ಮುಂದಿನ ಬ್ಯಾಚಿಗಾಗಿ ಯೂನಿಯನ್ ಪತ್ರದ ಮೇಲೆ ಪತ್ರ ಬರೆಯುತ್ತಿದೆ, ಇನ್ನೂ ಶುರುವಾಗಿಲ್ಲ. ಅಕ್ಕನ ಸರ್ವೀಸ್ ಉಳಿದಿರುವುದು ಎಂಟು ತಿಂಗಳು.

ಅವತ್ತು ಅಕ್ಕ ಜಗಳ ಆಡಲಿಲ್ಲ. ಪೆನ್ನು ಇಸಿದುಕೊಂಡು ನಮ್ಮ ಒಂದೊಂದು ಸರ್ಟಿಫಿಕೇಟಿಗೂ ನಿಧಾನವಾಗಿ ಸಹಿ ಹಾಕಿದರು. ನಾನು ಮುಖ ತೋರಿಸಲಾರದೆ ನನ್ನದನ್ನು ಎಲ್ಲದಕ್ಕಿಂತ ಕೆಳಗೆ ಇಟ್ಟಿದ್ದೆ. ಅದು ಬಂದಾಗ ಪೆನ್ನು ನಿಂತಿತು. ಬೈದುಬಿಡಲಿ ಎಂದು ಕಾದೆ. ಅಕ್ಕ ಕಾಗದವನ್ನು ನೋಡಿದರು, ನನ್ನನ್ನು ನೋಡಿದರು.

"ನಿಂಗೆ ಕಾಲರ್ ಇನ್ನೂವೆ ಸೊಟ್ಟಕ್ಕೇ ಬತ್ತದೆ ಕಣಮ್ಮಿ" ಎಂದರು. "ಓಗ್ಲಿ ಅತ್ಲಾಗೆ, ಪಾಸ್ ಮಾಡಿವ್ನಿ."