ಮಾಮಾನ ಮೂವತ್ತೊಂದು ಸೆಕೆಂಡು

ನಮ್ಮ ಮಾಮಾ ಹುಟ್ಟಿದಾಗಿನಿಂದ ಕಾರು ಓಡಿಸಿಲ್ಲ. ಸ್ಕೂಟರನ್ನು ಎರಡು ಸಲ ಬಿದ್ದ ಮೇಲೆ ಮಾರಿಬಿಟ್ಟರು. ಸೈಕಲ್ಲಿನ ಮಾತು ತೆಗೆದರೆ ಪಂಚೆ ಎತ್ತಿ ಮೊಣಕಾಲಿನ ಗಾಯ ತೋರಿಸುತ್ತಾರೆ. ಆದರೂ ಮೋಟಾರು ರೇಸಿನ ವಿಷಯದಲ್ಲಿ ಪುಣೆಯ ಪಕ್ಕದ ನಮ್ಮ ಇಡೀ ನಿಗಡಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಯಾರಾದರೂ ಮೀರಿಸಲು ಹೊರಟಿದ್ದರೆ ತಾನೇ ಮೀರಿಸುವುದು!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಇಪ್ಪತ್ತೆರಡನೇ ವಯಸ್ಸಿಗೆ ವಿಜಯಪುರದಿಂದ ಪುಣೆಗೆ ಬಂದು ಭೋಸರಿಯ ಒಂದು ಕಾರ್ಖಾನೆ ಸೇರಿದವರು ನಿವೃತ್ತಿಯ ತನಕ ಅಲ್ಲೇ ಇದ್ದರು. ಮಾಡುತ್ತಿದ್ದ ಕೆಲಸ ಏನು ಗೊತ್ತೆ? ಬೇರೆಯವರು ಕೆಲಸ ಮಾಡುವಾಗ ಹಿಂದೆ ನಿಂತು ಸ್ಟಾಪ್‌ವಾಚ್ ಒತ್ತುವುದು. ಒಬ್ಬ ಕಾರ್ಮಿಕ ಕಬ್ಬಿಣದ ತುಂಡನ್ನು ಎತ್ತಿ, ಯಂತ್ರಕ್ಕೆ ಕಚ್ಚಿಸಿ, ಕೊರೆದು, ಇಳಿಸಲು ಎಷ್ಟು ಸೆಕೆಂಡು ಬೇಕು ಎಂದು ಅಳೆದು ಬರೆಯುವುದು. ಅವರು ಬರೆದ ಅಂಕಿಯ ಪ್ರಕಾರ ಎಲ್ಲರೂ ದಿನವಿಡೀ ದುಡಿಯಬೇಕು. ಹೀಗಾಗಿ ಅವರು ಶೆಡ್ಡಿನೊಳಗೆ ಕಾಲಿಟ್ಟ ಕೂಡಲೆ ಈ ತುದಿಯಿಂದ ಆ ತುದಿಗೆ "ಯಮ ಆಲಾ ರೇ", ಯಮ ಬಂದ, ಎಂಬ ಸುದ್ದಿ ಹೋಗುತ್ತಿತ್ತು. ಒಂದು ದಿನ ಅವರು ಪಾಯಖಾನೆಗೆ ಹೋದಾಗ ಒಬ್ಬ ಹೊರಗೆ ನಿಂತು ಕೈಗಡಿಯಾರ ನೋಡುತ್ತ "ಸಾಹೇಬ, ತೀನ್ ಮಿನಿಟ ಝಾಲೀ", ಮೂರು ನಿಮಿಷವಾಯಿತು, ಎಂದು ಕೂಗಿದನಂತೆ. ಇದನ್ನು ನಮಗೆ ಹೇಳಿದ್ದು ಮಾಮಾನೇ. "ಅಂವಾ ತಪ್ಪ ಹೇಳಿದಾ. ಎರಡ ಮಿನಿಟ ನಲವತ್ತ ಸೆಕೆಂಡ ಆಗಿತ್ತು" ಎಂಬುದಷ್ಟೇ ಅವರ ತಕರಾರು.

ಸುಳ್ಳು ಅಂಕಿ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಅದು ಗುಣವೆಂದು ತಿಳಿಯಬೇಡಿ, ರೋಗ. ಎಡಗೈಯ ಎರಡು ಬೆರಳು ಯಂತ್ರಕ್ಕೆ ಕೊಟ್ಟ ಕಾರ್ಮಿಕನೊಬ್ಬ ಒಮ್ಮೆ ಇವರ ಬಳಿ ಬಂದು "ಸಾಹೇಬ, ದೋನ್ ಸೆಕೆಂದ ವಾಢವೂನ್ ದ್ಯಾ" ಎಂದನಂತೆ. ಒಂದು ತುಂಡಿಗೆ ಎರಡೇ ಎರಡು ಸೆಕೆಂಡು ಹೆಚ್ಚಿಗೆ ಬರೆಯಿರಿ ಎಂದು. ಮಾಮಾ ಬರೆಯಲಿಲ್ಲ. ಸಂಜೆ ಊಟಕ್ಕೆ ಕುಳಿತು ಮಾಮಿಯ ಮುಂದೆ ಇದನ್ನೂ ಒಂದು ಸಾಹಸದಂತೆ ಹೇಳಿದರು.

"ಗಡಿಯಾರ ಏನ ತೋರಸ್ತದ, ಅದನ್ನ ಬರಿಯೂದು. ನಡುವ ಕೈ ಹಾಕ್ಲಿಕ್ಕೆ ನಾ ಯಾರು?"

ಮಾಮಿ ಅನ್ನದ ಮೇಲೆ ತುಪ್ಪ ಬಡಿಸುತ್ತಿದ್ದವರು ಮಿಳ್ಳೆಯನ್ನು ಹಿಂದಕ್ಕೆ ಎಳೆದುಕೊಂಡರು. "ನಿಮಗ ಇವತ್ತ ಎರಡ ಸೆಕೆಂಡ ಕಡಿಮಿ" ಎಂದರು. ಮಾಮಾ ಒಣ ಅನ್ನ ಉಂಡು ಎದ್ದರು. ಮರುದಿನವೂ ಅದೇ ಅಂಕಿ ಬರೆದರು.

ಇಂಥ ಮನುಷ್ಯನಿಗೆ ಮೋಟಾರು ರೇಸಿನ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ? ಸೆಕೆಂಡನ್ನು ಸೀಳಿ ಸೀಳಿ ನೋಡುವ ಜನ ಇವರನ್ನು ಬಿಟ್ಟರೆ ಅಲ್ಲಿಯೇ ಇರುವುದು. ಪುಣೆ ಕ್ಯಾಂಪಿನಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತೂಕಕ್ಕೆ ಕೊಂಡು ತಂದು ಓದುತ್ತಿದ್ದರು. ಅದೇ ಬೀದಿಯ ಒಂದು ಹಳೇ ಗಡಿಯಾರದಂಗಡಿಯ ಕಪಾಟಿನಲ್ಲಿ ಅವರ ಪ್ರಾಣ ಇತ್ತು. ಸ್ವಿಸ್ ಕ್ರೋನೋಗ್ರಾಫ್. ಕಪ್ಪು ಮುಖ, ಅದರೊಳಗೆ ಮೂರು ಪುಟ್ಟ ಬಿಳಿಯ ಮುಖಗಳು, ಪಕ್ಕದಲ್ಲಿ ಕೀಲಿ ಕೊಡುವ ತಿರುಪು, ಅದರ ಮೇಲೊಂದು ಕೆಳಗೊಂದು ಗುಂಡಿ. ಮೇಲಿನದನ್ನು ಒತ್ತಿದರೆ ಉದ್ದನೆಯ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಮರಳುತ್ತದೆ. ಸ್ಟಾಪ್‌ವಾಚೇ, ಆದರೆ ರಾಜರ ಮನೆಯಲ್ಲಿ ಹುಟ್ಟಿದ್ದು. ಹಿಂದಿನ ಕಾಲದ ರೇಸಿನವರು ಇದನ್ನು ಅಂಗಿಯ ತೋಳಿನ ಮೇಲೆಯೇ ಕಟ್ಟಿಕೊಳ್ಳುತ್ತಿದ್ದರಂತೆ. ಮಾಮಾ ಹನ್ನೊಂದು ವರ್ಷ ಪ್ರತಿ ಶನಿವಾರ ಹೋಗಿ ಅದನ್ನು ನೋಡಿ ಬಂದರು. ಅಷ್ಟು ವರ್ಷ ಕನ್ಯೆ ನೋಡಿದ್ದರೆ ಹುಡುಗಿಯ ಅಪ್ಪ ಪೊಲೀಸರನ್ನು ಕರೆಯುತ್ತಿದ್ದ.

ನಿವೃತ್ತಿಯಾದಾಗ ಮಾಮಿಗೆ ಒಂದು ಸಣ್ಣ ಕಾರು ತರುತ್ತೇನೆಂದು ಮಾತು ಕೊಟ್ಟಿದ್ದರು. ಓಡಿಸುವವರು ನಾವು, ಕೂರುವವರು ಅವರು ಎಂದು ಒಪ್ಪಂದವೂ ಆಗಿತ್ತು. ಮಾಮಿ ಆರತಿ ತಟ್ಟೆ ಹಿಡಿದು ಕೆಳಗೆ ಗೇಟಿನ ಹತ್ತಿರ ನಿಂತಿದ್ದಾರೆ, ನಿಂಬೆಹಣ್ಣುಗಳೂ ಸಿದ್ಧ. ಮಾಮಾ ಬಸ್ಸಿನಿಂದ ಇಳಿದು ನಡೆದು ಬಂದರು. ತೋಳು ಮಡಚಿ ಮಣಿಕಟ್ಟು ತೋರಿಸಿದರು.

"ಇದು ರೇಸ್ ಕಾರಿನವರ ಗಡಿಯಾರ."

ಮಾಮಿ ಅದನ್ನು ಬಗ್ಗಿ ನೋಡಿದರು, ಇವರ ಮುಖ ನೋಡಿದರು. "ಇದರಾಗ ಎಲ್ಲೆ ಕೂಡೂದ್ರಿ?" ಎಂದರು. ಆಮೇಲೆ ಗಡಿಯಾರಕ್ಕೇ ಆರತಿ ಎತ್ತಿದರು. ನಿಂಬೆಹಣ್ಣು ಚಿತ್ರಾನ್ನಕ್ಕೆ ಹೋಯಿತು.

ಆ ಗಡಿಯಾರದ ಮುಖದ ಸುತ್ತ ಒಂದು ಅಂಕಿಗಳ ಪಟ್ಟಿ ಇದೆ. ಒಂದು ಕಿಲೋಮೀಟರು ದಾಟುವಾಗ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿಯ ಅಂಕಿಯೇ ಗಾಡಿಯ ವೇಗ. ಮಾಮಾ ಇದನ್ನು ನಿಗಡಿಯಿಂದ ಭೋಸರಿಗೆ ಹೋಗುವ ಬಸ್ಸಿನಲ್ಲಿ ಪರೀಕ್ಷಿಸಿದರು. ತೊಂದರೆ ಏನೆಂದರೆ, ಆ ಪಟ್ಟಿಯಲ್ಲಿ ಗಂಟೆಗೆ ಅರವತ್ತಕ್ಕಿಂತ ಕಡಿಮೆ ವೇಗವೇ ಇಲ್ಲ. ರೇಸಿನವರಿಗೆ ಅದೆಲ್ಲ ಯಾಕೆ ಬೇಕು? ಮಾಮಾ ಕಂಡಕ್ಟರನಿಗೆ ಮರಾಠಿಯಲ್ಲಿ ನಿಮ್ಮ ಬಸ್ಸು ಈ ಗಡಿಯಾರದ ಲೆಕ್ಕಕ್ಕೇ ಬರುವುದಿಲ್ಲ ಎಂದು ತಿಳಿಸಿ ಹೇಳಿದರು. ಅವನು ಗಡಿಯಾರ ನೋಡಿ, "ಕಾಕಾ, ಘಡ್ಯಾಳ ವಿಕಾ, ರಿಕ್ಷಾ ಕರಾ" ಎಂದ. ಗಡಿಯಾರ ಮಾರಿ ರಿಕ್ಷಾ ಹಿಡಿಯಿರಿ ಎಂದರೆ ಮಾಮಾ ಅದನ್ನು ಬಿಟ್ಟುಕೊಡುತ್ತಾರೆಯೇ? ಗಡಿಯಾರಕ್ಕೆ ನೂರೆಂಟು ಮಡಿ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಕೀಲಿ ಕೊಡಬೇಕು. ಅಳೆಯುವ ಕೆಲಸವಿಲ್ಲದೆ ಉದ್ದ ಮುಳ್ಳು ಓಡಿಸಬಾರದು, ಒಳಗಿನ ಹಲ್ಲು ಸವೆಯುತ್ತದೆ. ನನ್ನ ಗಂಡ ಒಮ್ಮೆ ಸುಮ್ಮನೆ ಗುಂಡಿ ಒತ್ತಿ ನೋಡಿದ್ದಕ್ಕೆ ಗಣಪತಿ ಹಬ್ಬದಿಂದ ದೀಪಾವಳಿಯ ತನಕ ಅವನೊಡನೆ ಮಾತು ಬಿಟ್ಟಿದ್ದರು.

ನನ್ನ ತಂಗಿಯ ನಿಶ್ಚಯದ ದಿನ ಬೀಗರ ನಡುವೆ ಅವರನ್ನು ಕೂರಿಸಿದ್ದು ನಮ್ಮ ತಪ್ಪು. ಯಾರೋ ಗಡಿಯಾರ ಚೆನ್ನಾಗಿದೆ ಎಂದರು. ಅಷ್ಟೇ ಸಾಕಾಯಿತು. ಹಿಂದೆ ರೇಸಿನಲ್ಲಿ ಬೆಳಿಗ್ಗೆ ಕೈ ಕುಲುಕಿದವನು ಸಂಜೆಗೆ ಇರುತ್ತಾನೆಂಬ ಭರವಸೆ ಇರಲಿಲ್ಲ ಎಂಬಲ್ಲಿಂದ ಶುರು ಮಾಡಿದರು. ಕಾರು ಒಡೆಯುವುದು, ಬೆಂಕಿ ಹತ್ತುವುದು, ಎಲ್ಲವೂ ಬಂದವು. ಹುಡುಗನ ತಾಯಿ ಬಾಯಿಗೆ ಇಡಲಿದ್ದ ಚಿರೋಟಿಯನ್ನು ತಟ್ಟೆಗೆ ಮರಳಿ ಇಟ್ಟರು.

"ಓಡಸಾವ್ರ ಹೆಂಡಂದಿರು ರೋಡಿನ ಬಾಜೂಕ ಗಡಿಯಾರ ಹಿಡಕೊಂಡ ಕೂಡ್ತಿದ್ರು. ಗಂಡನ ಗಾಡಿ ಒಂದ ಸುತ್ತ ಹಾಕಿ ಮುಂದ ಹಾದ ಹೋತು ಅಂದ್ರ ಒತ್ತೂದು, ಬರಕೊಳ್ಳೂದು. ಅದಕ್ಕ ಲ್ಯಾಪ್ ಅಂತಾರ. ಒಂದೊಂದ ಸಲ ಗಾಡಿ ಬರ್ತಿದ್ದಿಲ್ಲ. ಗಡಿಯಾರ ಓಡತಾನ ಇರ್ತಿತ್ತು."

ಕದ್ದು ಕೇಳುತ್ತಿದ್ದ ಮಾಮಿ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದರು. "ಆಮ್ಯಾಲೆ ಆಕಿ ಏನ ಮಾಡ್ತಿದ್ದಳ್ರಿ?"

"ಪತ್ರಿಕ್ಯಾಗ ಅದನ್ನ ಬರದಿಲ್ಲ" ಎಂದರು ಮಾಮಾ. ಮದುವೆ ಹೇಗೋ ನಡೆಯಿತು. ಬೀಗರು ಇವತ್ತಿಗೂ ಮಾಮಾನ ಪಕ್ಕ ಕೂರುವುದಿಲ್ಲ.

ಮಾಮಿಗೆ ಕೆಮ್ಮು ಶುರುವಾದದ್ದು ಅದೇ ವರ್ಷ. ಮೊದಲು ಧೂಳು ಎಂದರು, ಆಮೇಲೆ ಅಲರ್ಜಿ ಎಂದರು. ಕೊನೆಗೆ ದೊಡ್ಡ ಡಾಕ್ಟರರು ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಎಂದರು. ಹಿಂದಕ್ಕೆ ಬರುವ ಕಾಯಿಲೆಯಲ್ಲ, ಎಷ್ಟು ನಿಧಾನ ಮಾಡಿದರೆ ಅಷ್ಟು ಲಾಭ. ದಿನಾ ಸ್ವಲ್ಪ ನಡೆಯಲೇಬೇಕು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದು ತನ್ನಿ ಎಂದರು. ಯಾರಿಗೆ ಹೇಳುತ್ತಿದ್ದೇವೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ!

ಮರುದಿನದಿಂದ ಆ ಎರಡು ಕೋಣೆಯ ಫ್ಲ್ಯಾಟು ರೇಸಿನ ಮೈದಾನವಾಯಿತು. ಮಂಚದಿಂದ ಹೊರಟು, ಬಾಲ್ಕನಿಯ ತುಳಸಿ ಕುಂಡ ಮುಟ್ಟಿ, ತಿರುಗಿ ಬಂದು ಮಂಚ ಮುಟ್ಟಿದರೆ ಒಂದು ಲ್ಯಾಪ್. ಮಾಮಾ ಕುರ್ಚಿಯಲ್ಲಿ ಗಡಿಯಾರ ಹಿಡಿದು ಕೂತಿರುತ್ತಿದ್ದರು. ಮೊದಲ ದಿನದ ಲೆಕ್ಕ ಮೂವತ್ತೊಂದು ಸೆಕೆಂಡು.

"ಭೋಸರಿ ಸಾಕಾಗಲಿಲ್ಲ ಅಂತ ಮನ್ಯಾಗೂ ಕಾರ್ಖಾನಿ ತಗದಾರ ನಿಮ್ಮ ಮಾಮಾ" ಎಂದು ಮಾಮಿ ಏದುಸಿರಿನಲ್ಲೇ ನಕ್ಕರು.

"ಮಾತಾಡಬ್ಯಾಡ. ಟೈಮ್ ಹೋಗ್ತದ" ಎಂದರು ಮಾಮಾ.

ನಾನು ಇರುವುದು ಎರಡು ಕಟ್ಟಡ ಆಚೆ. ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮೊದಲು ಒಂದು ಸಲ ಇಣುಕಿ ಹೋಗುತ್ತಿದ್ದೆ. ಕೆಲವು ತಿಂಗಳಲ್ಲಿ ಮಾಮಿಯ ಮೂಗಿಗೆ ಆಮ್ಲಜನಕದ ನಳಿಗೆ ಬಂತು. ಆ ಯಂತ್ರ ದಿನವಿಡೀ ಮೂಲೆಯಲ್ಲಿ ಗುರುಗುಡುತ್ತಿತ್ತು. ನಳಿಗೆಯನ್ನು ಎಳೆದುಕೊಂಡೇ ಮಾಮಿ ತುಳಸಿಯ ತನಕ ಹೋಗಬೇಕು. ಬಾಗಿಲ ಚೌಕಟ್ಟು ಹಿಡಿದು ನಿಲ್ಲುವುದು, ಕಪಾಟು ಹಿಡಿದು ನಿಲ್ಲುವುದು. ನೋಡಲು ಆಗುತ್ತಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ. ಒಂದು ದಿನ ಅವರು ಮರಳಿ ಮಂಚ ಮುಟ್ಟಿ ಕೂತು, ಎಷ್ಟಾಯಿತು ಎಂದು ಕಣ್ಣಿನಲ್ಲೇ ಕೇಳಿದರು.

"ಮೂವತ್ತೊಂದು" ಎಂದರು ಮಾಮಾ.

ನನಗೆ ಏನೋ ಸರಿ ಎನಿಸಲಿಲ್ಲ. ಮಾಮಾನ ಹಿಂದೆ ಹೋಗಿ ನಿಂತು ಗಡಿಯಾರ ನೋಡಿದೆ. ನಿಮಿಷ ಎಣಿಸುವ ಪುಟ್ಟ ಮುಳ್ಳು ಒಂದರ ಆಚೆ ಇತ್ತು, ಉದ್ದ ಮುಳ್ಳು ನಲವತ್ತರಲ್ಲಿ ನಿಂತಿತ್ತು. ಒಂದು ನಿಮಿಷ ನಲವತ್ತು. ಮಾಮಾ ಡಾಕ್ಟರರಿಗೆ ತೋರಿಸುವ ವಹಿಯಲ್ಲಿ ಒಂದು ನಿಮಿಷ ನಲವತ್ತು ಎಂದೇ ಬರೆದರು, ದುಂಡಗೆ, ಕಾರ್ಖಾನೆಯ ಅಕ್ಷರದಲ್ಲಿ. ಬರೆಯುವ ಕೈ ನೆಟ್ಟಗಿತ್ತು. ಬಾಯಿ ಮಾತ್ರ ಬೇರೆ ಹೇಳಿತ್ತು. ನಾನು ನೋಡುತ್ತಿರುವುದು ಗೊತ್ತಾಗಿ ಅವರು ಅಂಗೈಯಿಂದ ಗಡಿಯಾರ ಮುಚ್ಚಿಕೊಂಡರು.

ನನಗೆ ಸಿಟ್ಟು ಬಂತು. ಇಷ್ಟು ದಿನ ಯಾರಿಗೂ ಎರಡು ಸೆಕೆಂಡು ಬಿಡದವರು ಮಾಮಿಗೆ ಮೋಸ ಮಾಡುವುದೇ? ಆಕೆಗೆ ತನ್ನ ಸ್ಥಿತಿ ಗೊತ್ತಾಗಬೇಡವೇ? ಮಾಮಾ ಔಷಧ ತರಲು ಇಳಿದಾಗ ಮಾಮಿಯ ಪಕ್ಕ ಕೂತು, ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದೆ. ಮಾಮಿಯೇ ನನ್ನ ಕೈ ಹಿಡಿದರು.

"ನಾ ಹೋಗೂ ಮುಂದ ಉಸರ ಎಣಸ್ತೀನಿ" ಎಂದರು. ಪ್ರತಿ ನಾಲ್ಕು ಮಾತಿಗೆ ಒಮ್ಮೆ ನಿಲ್ಲುತ್ತಿದ್ದರು. "ಎಷ್ಟಾಗ್ತದ ನನಗ ಗೊತ್ತದ. ಅವರಿಗೆ ಹೇಳಬ್ಯಾಡ. ಮುಂಜಾನೆ ಎದ್ದ ನಡಿಯೂದ್ ಎದಕ್ಕ ಅಂತಿ? ಆ ಸುಳ್ಳ ಕೇಳೂ ಸಲುವಾಗಿ ನಡೀತೀನಿ. ಇಷ್ಟ ವರ್ಷಕ್ಕ ಎರಡ ಸೆಕೆಂಡ ಬಿಡೂದ ಕಲ್ತಾರ. ಕೆಡಸಬ್ಯಾಡ."

ನಾನು ಕೆಡಿಸಲಿಲ್ಲ. ಚಳಿಗಾಲ ಮುಗಿಯುವ ತನಕ ಆ ಮನೆಯಲ್ಲಿ ದಿನಾ ಮೂವತ್ತೊಂದು ಸೆಕೆಂಡೇ ಆಗುತ್ತಿತ್ತು. ವಹಿಯಲ್ಲಿ ಎರಡು ನಿಮಿಷವಾಯಿತು, ಮೂರಾಯಿತು.

ಆಂಬುಲೆನ್ಸ್ ಬಂದದ್ದು ಒಂದು ಬೆಳಿಗ್ಗೆ, ಹಾಲಿನವನು ಹೋದ ಮೇಲೆ. ಸ್ಟ್ರೆಚರು ತಂದರೆ ಮಾಮಿ ಬೇಡವೆಂದು ಕೈ ಆಡಿಸಿದರು. ಮಂಚ ಹಿಡಿದು ಎದ್ದು ನಿಂತು ಮಾಮಾನ ಕಡೆ ನೋಡಿ "ಒತ್ರಿ" ಎಂದರು. ಮಾಮಾ ಒತ್ತಿದರು. ಮಾಮಿ ನಡೆದರು. ಆ ದಿನ ತುಳಸಿಯ ಕಡೆಗಲ್ಲ, ಬಾಗಿಲ ಕಡೆಗೆ. ಹೊಸ್ತಿಲು ದಾಟಿದ ಮೇಲೆ ಇಬ್ಬರು ಹಿಡಿದು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಮಂಚದ ತನಕ ತಿರುಗಿ ಬರಲೇ ಇಲ್ಲ.

ಹದಿಮೂರು ದಿನದ ಕಾರ್ಯ ಮುಗಿದು, ಬಂದವರೆಲ್ಲ ಹೋದ ಮೇಲೆ ಒಂದು ದಿನ ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದೆ. ಮಾಮಾ ಸ್ನಾನ ಮಾಡಿ ಅದೇ ಕುರ್ಚಿಯಲ್ಲಿ ಕೂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ನೋಡಿದೆ, ಉದ್ದ ಮುಳ್ಳು ಓಡುತ್ತಿತ್ತು. ಆಂಬುಲೆನ್ಸ್ ಬಂದ ಬೆಳಿಗ್ಗೆ ಒತ್ತಿದ್ದು ಇನ್ನೂ ನಿಂತಿಲ್ಲ. ಇವರು ದಿನಾ ತಪ್ಪದೆ ಕೀಲಿ ಕೊಟ್ಟು ಓಡಿಸುತ್ತಲೇ ಇದ್ದಾರೆ. ಹಲ್ಲು ಸವೆಯುತ್ತದೆ ಎಂದು ನನ್ನ ಗಂಡನೊಡನೆ ಮಾತು ಬಿಟ್ಟ ಮನುಷ್ಯ!

"ಮಾಮಾ, ಗುಂಡಿ ಒತ್ತೂದು ಮರ್ತೀರಿ" ಎಂದೆ. ಅಂದ ಕೂಡಲೆ ನಾಲಿಗೆ ಕಚ್ಚಿಕೊಂಡೆ.

ಅವರು ಕೀಲಿ ಕೊಟ್ಟು ಮುಗಿಸಿದರು. ಗಡಿಯಾರ ಹಿಡಿದ ಕೈಯನ್ನು ನನ್ನ ಮುಂದೆ ಚಾಚಿದರು.

"ಎಷ್ಟಾತು ನೋಡು. ನನ್ನ ಚಷ್ಮಾ ಒಳಗದ."

ಚಷ್ಮಾ ಅವರ ಮೂಗಿನ ಮೇಲೆಯೇ ಇತ್ತು. ನಾನು ಗಡಿಯಾರದ ಮೇಲೆ ಬಗ್ಗಿದೆ. ಮುಳ್ಳು ಕಣ್ಣೀರಿನಲ್ಲಿ ಸರಿಯಾಗಿ ಕಾಣಲೂ ಇಲ್ಲ.

"ಮೂವತ್ತೊಂದು ಸೆಕೆಂಡ, ಮಾಮಾ."

"ಹೌದಾ" ಎಂದು ಅವರು ಬಾಲ್ಕನಿಯ ಕಡೆ ನೋಡಿದರು. "ಛಲೋ ನಡದಾಳ."