ಶೋಕೇಸ್ ಪಾಲಾದ ಧನ್ಯವಾದ ಭಾಷಣ

ಇವತ್ತು ಸಂಜೆಯೊಳಗೆ ನಾನೊಬ್ಬಳೇ, ಯಾರ ಸಹಾಯವೂ ಇಲ್ಲದೆ, ನಮ್ಮ ಸ್ಟುಡಿಯೋದ ಕಂಪ್ಯೂಟರನ್ನು ಲೋಕದ ಸಮಸ್ತ ದುಷ್ಟರಿಂದ ರಕ್ಷಿಸಿಯೇ ತೀರುತ್ತೇನೆ! ಮೊನ್ನೆ ಶನಿವಾರ ಕಾಫಿ ಲೋಟ ಕೆಳಗಿಡುವ ಮೊದಲೇ ಹೀಗೊಂದು ಶಪಥ ಮಾಡಿದೆ. ಕೇಳಿಸಿಕೊಂಡವರು ನನ್ನ ಗಂಡ ಒಬ್ಬರೇ. ಅವರು ಕ್ಯಾಮೆರಾದ ಲೆನ್ಸ್ ಒರೆಸುತ್ತ "ಹೂಂ" ಅಂದರು. ಮದುವೆಯಾದಾಗಿನಿಂದ ನನ್ನ ಎಲ್ಲ ಶಪಥಗಳಿಗೂ ಅವರದು ಇದೇ ಹೂಂ.

ನಮ್ಮದು ಫೋಟೋ ಸ್ಟುಡಿಯೋ. ಕೆಳಗೆ ಅಂಗಡಿ, ಮೇಲೆ ಮನೆ. ಫೋಟೋ ತೆಗೆಯುವುದು ಅವರು, ಕಂಪ್ಯೂಟರ್ ಆಳುವುದು ನಾನು. ಆಳುವುದು ಎಂದು ಸುಮ್ಮನೆ ಹೇಳಲಿಲ್ಲ. ಸಕಲಾಧಿಕಾರವಿರುವ ಲಾಗಿನ್ ನನ್ನದು. ಕೌಂಟರಿನ ಬಡ ಲಾಗಿನ್ ಅವರದು. ಅದರಲ್ಲಿ ಅವರು 'ಶೋಕೇಸ್' ಎಂಬ ಫೋಲ್ಡರ್ ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ. ಆ ಫೋಲ್ಡರಿಗೆ ಹಾಕಿದ್ದನ್ನೆಲ್ಲ ಸಿಂಕ್ ಮಾಡುವ ಸಾಫ್ಟ್‌ವೇರೊಂದು ಅಂಗಡಿಯ ಮುಂದೆ ರಸ್ತೆಗೆ ಮುಖ ಮಾಡಿ ನಿಂತ ದೊಡ್ಡ ಟೀವಿಗೆ ಒಯ್ದು ತೋರಿಸುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ, ಅಲ್ಲಿ ಅಳಿಸಿದರೆ ಇಲ್ಲೂ. ಅಂಥ ನಿಷ್ಠಾವಂತ!

ಆ ನಿಷ್ಠಾವಂತನಲ್ಲೇ ದೋಷ ಪತ್ತೆಯಾಗಿದೆಯೆಂದು ಕಂಪನಿಯಿಂದ ಇಮೇಲ್ ಬಂದಿತ್ತು.

"ರೀ, ನಮ್ಮ ಸಿಂಕ್‌ನಲ್ಲಿ ತೂತು ಇದೆಯಂತೆ!"

"ತೂತು ಇಲ್ದೆ ಇದ್ರೆ ನೀರು ಹೋಗೋದೆಲ್ಲಿಂದ?"

"ಅಡುಗೆಮನೆ ಸಿಂಕ್ ಅಲ್ಲಾರೀ, ಕಂಪ್ಯೂಟರ್‌ದು! ಲೋಕಲ್ ದೋಷವಂತೆ."

"ಲೋಕಲ್ ಮಾಲು ತಗೋಬೇಡ ಅಂತ ಆಗ್ಲೇ ಹೇಳಿದ್ದೆ."

"ಲೋಕಲ್ ಅಂದ್ರೆ ಕಳಪೆ ಅಂತಲ್ಲ! ಹೊರಗಿನ ಕಳ್ಳ ಬೇಕಾಗಿಲ್ಲ. ಇದೇ ಕಂಪ್ಯೂಟರ್ ಮುಂದೆ ಕೂರೋರು, ಅಧಿಕಾರ ಕಡಿಮೆ ಇರೋರು, ಈ ತೂತಿನಿಂದ ನನ್ನ ಫೈಲಿಗೆಲ್ಲ ಕೈ ಹಾಕಬಹುದಂತೆ. ಅಂಥೋರು ಇಲ್ಲಿ ಯಾರಿದ್ದಾರೆ?"

ಅವರು ಅಂಗಡಿಯ ನಾಲ್ಕೂ ಮೂಲೆ ನೋಡಿದರು. "ನಾನಾ?"

"ನೀವೇ!"

"ನನಗೆ ರೈಟ್ ಕ್ಲಿಕ್ ಯಾವುದು ಅಂತಾನೂ ಗೊತ್ತಿಲ್ವಲ್ಲೇ."

"ಕಳ್ಳರೆಲ್ಲ ಹಾಗೇ ಹೇಳೋದು."

ಹೊಸ ಆವೃತ್ತಿ ಹಾಕಿಕೊಂಡರೆ ತೂತು ಮುಚ್ಚುತ್ತದೆ ಎಂದು ಇಮೇಲ್‌ನಲ್ಲೇ ಇತ್ತು. ಒಂದು ಬಟನ್ ಒತ್ತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತೂತನ್ನು ಕಣ್ಣಾರೆ ನೋಡದೆ ಮುಚ್ಚುವುದೇ? ವೀರವನಿತೆಯ ಲಕ್ಷಣವೇ ಅದು? ಗಂಡನನ್ನು ಕುರ್ಚಿಯಿಂದ ಎಬ್ಬಿಸಿ, ಅವರ ಲಾಗಿನ್‌ನಲ್ಲಿ ನಾನೇ ಕಳ್ಳಿಯಾಗಿ ಕೂತೆ.

ಉಪಾಯ ಸರಳ. ಶೋಕೇಸ್ ಫೋಲ್ಡರಿನೊಳಗೆ ಲಿಂಕ್ ಎಂಬ ಒಂದು ಕೈಮರ ನೆಡಬೇಕು: 'ಯಜಮಾನಿಯ ಖಾಸಗಿ ಫೋಲ್ಡರಿಗೆ ದಾರಿ ಇತ್ತ ಕಡೆ'. ಬಡ ಲಾಗಿನ್‌ನವರು ತಾವೇ ಆ ದಾರಿ ಹಿಡಿದರೆ ಕಂಪ್ಯೂಟರ್ ಕತ್ತು ಹಿಡಿದು ಆಚೆ ದಬ್ಬುತ್ತದೆ. ಆದರೆ ಸಿಂಕ್ ಮಹಾಶಯ ಓಡಾಡುವುದು ನನ್ನ ಸಕಲಾಧಿಕಾರದ ಬಲದ ಮೇಲೆ! ಕೈಮರ ನೆಟ್ಟವರು ಯಾರೆಂದು ಕೇಳುವ ಗೋಜಿಗೇ ಹೋಗದೆ ಒಳಗೆ ನುಗ್ಗಿ, ಸಿಕ್ಕಿದ್ದನ್ನೆಲ್ಲ ಹೊತ್ತು ತರುತ್ತಾನೆ. ಅತ್ಯುತ್ತಮ ತೂತು!

ನೆಟ್ಟೆ. ಉಸಿರು ಬಿಗಿಹಿಡಿದು ಕಾದೆ. ಪರದೆಯ ಮೂಲೆಯಲ್ಲಿ ಹಸಿರು ಬಾಣ ಗಿರ್ರನೆ ತಿರುಗಿತು. ಹೊತ್ತು ತಂದೇಬಿಟ್ಟ!

"ಸಿಕ್ತು! ತೂತು ಸಿಕ್ತು!" ಎಂದು ಕುಣಿಯುತ್ತ ಅಕ್ಕನಿಗೆ ಫೋನ್ ಮಾಡಲು ಮೇಲಕ್ಕೆ ಓಡಿದೆ. ಆ ಫೋಲ್ಡರಿನ ಇನ್ನೊಂದು ತುದಿ ರಸ್ತೆಯಲ್ಲಿದೆ ಎಂಬುದು ಸಂಭ್ರಮದಲ್ಲಿ ಮರೆತೇಹೋಗಿತ್ತು.

"ಅಕ್ಕಾ, ದೊಡ್ಡ ದೊಡ್ಡ ಎಂಜಿನಿಯರ್‌ಗಳ ಕೆಲಸ ಕಣೇ, ಒಬ್ಬಳೇ ಮಾಡ್ದೆ!"

"ಏನು ಮಾಡ್ದೆ?"

"ನನ್ನ ಮನೆಗೆ ನಾನೇ ಕನ್ನ ಹಾಕ್ದೆ!"

"ಸರಿಯಾಗಿ ನಿದ್ದೆ ಮಾಡ್ತಿದ್ದೀ ತಾನೆ?" ಎಂದಳು ಅಕ್ಕ.

ಅಷ್ಟರಲ್ಲಿ ಕೆಳಗಿನಿಂದ ಇವರ ಕೂಗು. "ಬೇಗ ಬಾರೇ! ಅಂಗಡಿ ಮುಂದೆ ಜನ ಸೇರಿದ್ದಾರೆ!"

ಆಹಾ, ಕೀರ್ತಿ ಇಷ್ಟು ಬೇಗ ಹಬ್ಬಿತೇ! ತಲೆ ಬಾಚಿಕೊಂಡು, ಗಾಂಭೀರ್ಯದಿಂದ ಮೆಟ್ಟಿಲಿಳಿದೆ.

ಟೀವಿಯಲ್ಲಿ ನಾನಿದ್ದೆ! ನೈಟಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಬಾಚಣಿಗೆಯನ್ನೇ ಮೈಕ್ ಮಾಡಿಕೊಂಡ ನಾನು! ವ್ಯಾಪಾರಿಗಳ ಸಂಘದವರು ಈ ಸಲ ಪ್ರಶಸ್ತಿ ಕೊಡುವುದು ನನಗೇ ಎಂದು ನಂಬಿ, ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದ ಧನ್ಯವಾದ ಭಾಷಣದ ವಿಡಿಯೋ ಅದು.

"ಈ ಸ್ಟುಡಿಯೋ ನಿಂತಿರುವುದೇ ನನ್ನಿಂದ," ಎಂದು ಟೀವಿಯ ನಾನು ಇಡೀ ಬೀದಿಗೆ ಸಾರುತ್ತಿದ್ದೆ. "ನನ್ನ ಗಂಡ ಒಳ್ಳೆಯವರು. ಆದರೆ ಬಟನ್ ಒತ್ತುವುದು ಬಿಟ್ಟರೆ ಅವರಿಗೆ ಬೇರೇನೂ ತಿಳಿಯದು. ಅದನ್ನೂ ಒಮ್ಮೊಮ್ಮೆ ಮರೆಯುತ್ತಾರೆ!"

ಎದುರಿನ ಔಷಧಿ ಅಂಗಡಿಯವರು ಚಪ್ಪಾಳೆ ತಟ್ಟಿದರು. ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಮಹನೀಯರೊಬ್ಬರು ನೊರೆ ಸಮೇತ ಎದ್ದು ಬಂದಿದ್ದರು. ನನ್ನ ಗಂಡ ಗುಂಪಿನ ಹಿಂದೆ ಕೈಕಟ್ಟಿ ನಿಂತು ಕೇಳುತ್ತಿದ್ದರು. ನಗಲಿಲ್ಲ, ಬೈಯಲೂ ಇಲ್ಲ.

ರಿಮೋಟ್ ಕಸಿದುಕೊಂಡು ಟೀವಿಯಲ್ಲಿದ್ದದ್ದನ್ನೆಲ್ಲ ಅಳಿಸಿಬಿಟ್ಟೆ. ಪರದೆ ಕಪ್ಪಾಯಿತು. ಗೆದ್ದೆ!

ಗೆದ್ದೆನೇ? ಒಳಗೆ ಹಸಿರು ಬಾಣ ಮತ್ತೆ ತಿರುಗತೊಡಗಿತ್ತು. ಅಲ್ಲಿ ಅಳಿಸಿದರೆ ಇಲ್ಲೂ ಅಳಿಸುವ ನಿಷ್ಠಾವಂತ, ಅದೇ ಕೈಮರ ಹಿಡಿದು ನನ್ನ ಖಾಸಗಿ ಫೋಲ್ಡರಿಗೆ ಹೋಗಿ ಗುಡಿಸಿ ಸಾರಿಸಿ ಬಂದ! ಭಾಷಣ ಹೋಗಲಿ, ಪೀಡೆ ತೊಲಗಿತು. ಆದರೆ ಇವರ ಕೈಗೆ ಸಿಕ್ಕರೆ ಹಾಳಾಗುತ್ತವೆಂದು ನಾನು ಅಲ್ಲೇ ಬಚ್ಚಿಟ್ಟಿದ್ದ ಮದುವೆಯ ಫೋಟೋಗಳು? ಮದುಮಗಳು ಸಂಜೆ ಬರುವವಳಿದ್ದಳು. ಮದುವೆ ಮುಗಿದ ಕೆಲವೇ ದಿನಕ್ಕೆ ಅವಳ ಅಜ್ಜಿ ತೀರಿಕೊಂಡಿದ್ದರು. ಅಜ್ಜಿ ಬಾಯ್ತುಂಬ ನಗುತ್ತಿದ್ದ ಫೋಟೋ ಅದರಲ್ಲೇ ಇತ್ತು.

ಕುರ್ಚಿಯಲ್ಲಿ ಕುಸಿದೆ. "ರೀ... ಮದುವೆ ಫೋಟೋ ಎಲ್ಲಾ ಹೋಯ್ತು." ಹೇಳುವಾಗ ಅಳುವೇ ಬಂದುಬಿಟ್ಟಿತು.

ಇವರು ಕ್ಯಾಮೆರಾ ಚೀಲದ ಜೇಬಿನಿಂದ ಮೆಮೊರಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಆವತ್ತೇ ಖಾಲಿ ಮಾಡಿ ಅಂದಿದ್ನಲ್ಲ!"

"ಅಂದಿದ್ದೆ. ಬಟನ್ ಒತ್ತೋದು ಮರೆತುಬಿಟ್ಟೆ."

ಊಟ ಬಿಟ್ಟು ಕೂತು ಫೋಟೋಗಳನ್ನೆಲ್ಲ ಮತ್ತೆ ಸಿದ್ಧ ಮಾಡಿದೆ. ಸಂಜೆ ಮದುಮಗಳು ಬಂದಳು. ಅಜ್ಜಿಯ ಫೋಟೋ ಬಂದಾಗ ಅವಳು ಇವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಯಾವ ಭಾಷಣವೂ ನೆನಪಿಗೆ ಬರದೆ ನಾನು ಅವಳಿಗೊಂದು ಕುರ್ಚಿ ಎಳೆದುಕೊಟ್ಟೆ.

ಅವಳು ಹೋದ ಮೇಲೆ, ಆ ಹಾಳು ತೂತು ಮುಚ್ಚಲು ಕಂಪನಿಯ ಸಹಾಯವಾಣಿಗೇ ಫೋನ್ ಮಾಡಿದೆ. ನಡೆದದ್ದನ್ನು ಹೇಳಲು ನಾಚಿಕೆಯಾಗಿ ಫೋನನ್ನು ಇವರ ಕೈಗಿತ್ತೆ. ಸ್ಪೀಕರಿನಲ್ಲಿ ಹುಡುಗಿಯೊಬ್ಬಳ ಗಂಭೀರ ದನಿ.

"ದಾಳಿ ಮಾಡಿದವರು ಹೊರಗಿನವರಾ ಸಾರ್, ಒಳಗಿನವರಾ?"

"ಒಳಗಿನವರೇ."

"ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು. ಪಕ್ಕದಲ್ಲೇ ಕೂತಿದ್ದಾರೆ."

"ಅಯ್ಯೋ! ನಿಮಗೇನೂ ತೊಂದರೆ ಕೊಡ್ತಿಲ್ಲ ತಾನೆ?"

"ಅಭ್ಯಾಸ ಆಗಿದೆ."

"ಮೊದಲು ಅವರ ಅಧಿಕಾರನೆಲ್ಲ ಕಿತ್ಕೊಳ್ಳಿ ಸಾರ್!"

ಇವರು ನನ್ನತ್ತ ಒಮ್ಮೆ ನೋಡಿ, ಫೋನನ್ನು ಬಾಯಿಗೆ ಹತ್ತಿರ ಹಿಡಿದು, ದನಿ ತಗ್ಗಿಸಿ ಕೇಳಿದರು:

"ಅದಕ್ಕೆ ನಿಮ್ಮಲ್ಲಿ ಯಾವುದಾದ್ರೂ ಸಾಫ್ಟ್‌ವೇರ್ ಇದೆಯೇನಮ್ಮಾ?"