ಗಟ್ಟಿಮೇಳಕ್ಕೆ ಇಳಿದು ಬಂದ ಬಳಗ

"ಇನ್ನೊಂದು ಸಲ ಮದುವೆ ಮನೇಲಿ ನಾನು ಕತ್ತೆತ್ತಿ ಆಕಾಶ ನೋಡಿದ್ರೆ, ಈ ನಾಗಸ್ವರಾನ ಮುರ್ದು ಒಲೆಗಿಟ್ಟು ಕಾಫಿ ಕಾಸ್ಕೊಂಡು ಕುಡಿ ಕಣೇ!"

ಊರಿಗಾಂನಲ್ಲಿ ಚಿನ್ನದ ಗಣಿಯ ಕಾಲದ ಲೈನ್ ಮನೆಯ ಮುಂದಿನ ಕೋಣೆಯಲ್ಲಿ ನಿಂತು ನಾಗಸ್ವರದ ಕೋದಂಡಪ್ಪ ಹೆಂಡತಿಗೆ ಕೊಟ್ಟ ಮಾತಿದು. ಕೊಡುವಾಗ ಬಲಗೈ ಎದೆಯ ಮೇಲಿತ್ತು, ದನಿ ಅಕ್ಕಪಕ್ಕದ ಮನೆಗಳಿಗೂ ಕೇಳುತ್ತಿತ್ತು. ಇಂಥ ಘನಘೋರ ಪ್ರತಿಜ್ಞೆಗೆ ದೇವಲೋಕದಿಂದ ಹೂಮಳೆ ಸುರಿಯಬೇಕಿತ್ತು. ಸುರಿಯಲಿಲ್ಲ. ಅರುಣಕುಮಾರಿ ಹುರುಳಿಕಾಯಿಯ ನಾರು ತೆಗೆಯುತ್ತಾ, ತಲೆ ಕೂಡ ಎತ್ತದೆ ಅಂದಳು:

"ನಂ ಮನೇಲಿರೋದು ಗ್ಯಾಸು. ಒಲೆ ಎಲ್ಲೈತೆ?"

ವಿಷಯ ಪ್ರತಿಜ್ಞೆಯವರೆಗೂ ಹೋದದ್ದು ಪಾರಿವಾಳಗಳಿಂದ. ನೋಡಿ, ಸಂಗೀತ ಹೊಟ್ಟೆಪಾಡಾದ ಮೇಲೆ ಮನಸ್ಸಿಗೆ ಬೇರೆ ಏನಾದರೂ ಬೇಕೇ ಬೇಕು. ಕೋದಂಡಪ್ಪನ ಮೇಳದಲ್ಲಿ ಡೋಲು ಬಾರಿಸುವ ಬೈರಪ್ಪನಿಗೆ ಮೀನು ಹಿಡಿಯುವ ಹುಚ್ಚು. ಮದುವೆಮನೆಯಲ್ಲಿ ಕಿವಿ ಕಿತ್ತುಹೋಗುವಂತೆ ಬಡಿಯುವ ಆಸಾಮಿ ಬೇತಮಂಗಲದ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂತರೆ ಸಂಜೆವರೆಗೂ ತುಟಿ ಪಿಟಕ್ ಅನ್ನುವುದಿಲ್ಲ. "ಮನೇಲೂ ಹಂಗೇ ಇರ್ಬಾರ್ದಾ?" ಅಂತ ಅವನ ಹೆಂಡತಿ ದಿನಾ ಕೇಳುತ್ತಾಳೆ. ಕೋದಂಡಪ್ಪನಿಗೆ ಪಾರಿವಾಳ. ಮನೆಯ ಶೀಟಿನ ಮಾಡಿನ ಪಕ್ಕಕ್ಕೆ ಜಾಲರಿ ಬಡಿದು, ಹಳೆ ಮರದ ಪೆಟ್ಟಿಗೆಗಳನ್ನು ಜೋಡಿಸಿ, ಅವಕ್ಕೊಂದು ಅರಮನೆಯನ್ನೇ ಕಟ್ಟಿದ್ದ.

ಕಟ್ಟದೇ ಇರೋದು ಹೇಗೆ? ಸಂಜೆ ಬಾಗಿಲು ತೆಗೆದರೆ ಸಾಕು, ಬುರ್ ಅಂತ ಎದ್ದು ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ದಿಬ್ಬದ ಮೇಲಕ್ಕೆ ಹೋಗಿ ಸುತ್ತು ಹಾಕಲು ಶುರು. ಹಿಂಡಿಗೆ ಹಿಂಡೇ ಒಂದೇ ಸಲ ಮೈ ತಿರುಗಿಸಿದರೆ ಕಪ್ಪು. ಇನ್ನೊಂದು ಸಲ ತಿರುಗಿಸಿದರೆ ಬೆಳ್ಳಿ. ಮತ್ತೊಮ್ಮೆ ತಿರುಗಿಸಿದರೆ ಆಕಾಶದಲ್ಲಿ ಏನೂ ಇಲ್ಲ, ಮಾಯ! ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮತ್ತೆ ಅಲ್ಲೇ! ಒಂದು ಹಕ್ಕಿ ಹಿಂದೆ ಬೀಳುವುದಿಲ್ಲ, ಒಂದು ಮುಂದೆ ನುಗ್ಗುವುದಿಲ್ಲ. ಅಪ್ಪನ ಹತ್ತಿರ ಏಟು ತಿಂದು ತಾಳ ಕಲಿತವನು ಕೋದಂಡಪ್ಪ. ಇವಕ್ಕೆ ಯಾರು ಕಲಿಸಿದರು ಅಂತ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅದರಲ್ಲೂ ರಾಣಿ ಅಂತ ಒಂದಿತ್ತು, ಬಿಳಿ ಮೈ, ಕಪ್ಪು ಬಾಲ. ಅದು ಹಾರುತ್ತಾ ಹಾರುತ್ತಾ ಹಿಂದಕ್ಕೆ ಪಲ್ಟಿ ಹೊಡೆದರೆ ಇವನಿಗೆ ಉಸಿರೇ ನಿಂತುಹೋಗುತ್ತಿತ್ತು.

ಅರುಣಕುಮಾರಿಗೆ ಮಾತ್ರ ಕಂಡರಾಗುತ್ತಿರಲಿಲ್ಲ. "ಸಂಡಿಗೆ ಒಣಗಾಕಂಗಿಲ್ಲ, ಸೀರೆ ಒಣಗಾಕಂಗಿಲ್ಲ, ಎಲ್ಲಾ ಇವುಗಳ ಕಕ್ಕಸ್ಸೇ! ಒಂದಿನ ಬಾಗಿಲು ತೆಗ್ದು ಬೆಕ್ಕಿನ ಕೈಗೆ ಕೊಡ್ತೀನಿ!" ಅಂತ ಬೆಳಗಾದರೆ ಸುಪ್ರಭಾತ.

ಬೆಳಿಗ್ಗೆ ಕೋದಂಡಪ್ಪ ಅಂಗಳದಲ್ಲಿ ಕೂತು ಸಾಧನೆ ಮಾಡುತ್ತಿದ್ದ. ಮದುವೆಯಲ್ಲಾದರೆ ಪುರೋಹಿತರ ಬೆರಳು ಕಾಯಬೇಕು, ಮನೆಯಲ್ಲಿ ನಾಗಸ್ವರ ಬಾಯಿಗಿಟ್ಟರೆ ಕಣ್ಣು ಮುಚ್ಚಿತು ಅಂತಲೇ ಲೆಕ್ಕ. ಎದುರಿಗೆ ಆನೆ ಹೋದರೂ ಕಾಣಿಸದು. ಕೊನೆಗೆ ಒಂದು ಗಟ್ಟಿಮೇಳ ಊದಿ ಮುಗಿಸುವುದು ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ. ಕಣ್ಣು ಬಿಟ್ಟರೆ ಅರುಣಕುಮಾರಿ ಗೂಡಿನ ಹತ್ತಿರ ನಿಂತಿರುತ್ತಿದ್ದಳು. "ಅಲ್ಲೇನ್ ಮಾಡ್ತಿದ್ದೀಯ?" ಅಂದರೆ "ಬಟ್ಟೆ ಒಣಗಾಕ್ತಿದೀನಿ" ಅನ್ನುವಳು. ಮಳೆ ಹನಿಯುವ ದಿನವೂ ಒಣಗಾಕುತ್ತಿದ್ದಳು. ಇವನಿಗೆ ಒಂದು ದಿನವೂ ಅನುಮಾನ ಬರಲಿಲ್ಲ, ಗಂಡಸರ ಬುದ್ಧಿ.

ಹೀಗಿರುವಾಗ ಬೂದಿಕೋಟೆಯ ಮದುವೆ ಬಂತು. ವರ ತಾಳಿ ಹಿಡಿದು ನಿಂತಿದ್ದಾನೆ. ಪುರೋಹಿತರು ಬೆರಳು ಆಡಿಸಿ "ಗಟ್ಟಿಮೇಳ! ಗಟ್ಟಿಮೇಳ!" ಅಂದರು. ಅದೇ ಗಳಿಗೆಗೆ ಯಾರದೋ ಪಾರಿವಾಳದ ಹಿಂಡು ಚಪ್ಪರದ ಮೇಲೆ ಬರಬೇಕೆ! ನಮ್ಮ ವಿದ್ವಾಂಸರ ಕತ್ತು ಮೇಲಕ್ಕೆ. ನಾಗಸ್ವರ ಏಳದೆ ಡೋಲು ಏಳುವಂತಿಲ್ಲ, ಬೈರಪ್ಪ ಮೊಣಕೈಯಿಂದ ತಿವಿದ. ತಿವಿದರೂ ಕೋದಂಡಪ್ಪ ಊದಲಿಲ್ಲ, ಬಾಯಿ ಬಿಟ್ಟ: "ಆಹಾ! ಪಲ್ಟಿ ನೋಡ್ಲಾ ಬೈರ!"

ವರ ಗಾಬರಿಯಲ್ಲಿ ತಾಳಿ ಕಟ್ಟಿಯೇಬಿಟ್ಟ. ಆ ನಿಶ್ಶಬ್ದದಲ್ಲಿ ಹುಡುಗಿಯ ಸೋದರಮಾವ "ಆಕ್ಷೀ!" ಅಂತ ಸೀನಿದ. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರ ಸೀನೂ ಯಾರ ಕೆಟ್ಟ ಮಾತೂ ಕಿವಿಗೆ ಬೀಳಬಾರದು ಅಂತ ತಾನೇ ಗಟ್ಟಿಮೇಳ ಇರುವುದು? ಬಿತ್ತಲ್ಲ! ಇಡೀ ಹೋಬಳಿಯ ಕಿವಿಗೆ ಬಿತ್ತು! ಗಂಡಿನ ಕಡೆಯವರು ಎದ್ದು ನಿಂತರು, ಹೆಣ್ಣಿನ ಕಡೆಯವರು ಕೈ ಮುಗಿದರು, ಶಾಂತಿ ಮಾಡಿಸಿ ಮುಗಿಸುವಷ್ಟರಲ್ಲಿ ಬೇಳೆಸಾರು ತಣ್ಣಗಾಗಿತ್ತು. "ಸೀನಿಗೆ ದಾರಿ ಬಿಟ್ಟ ಕೋದಂಡಪ್ಪ" ಅಂತ ಬಿರುದೂ ಬಂತು. ಆಮೇಲೆ ಲಗ್ನದ ಕಾಲ ಪೂರ್ತಿ ಒಬ್ಬರೂ ಕರೆಯಲಿಲ್ಲ. ನಾಗಸ್ವರ ಚೀಲದಲ್ಲಿ, ಚೀಲ ಮೊಳೆಯ ಮೇಲೆ. ತಾತನ ಕಾಲದ ಹೆಸರು ಒಂದು ಸೀನಿಗೆ ಹಾರಿಹೋಯಿತಲ್ಲ ಅಂತ ಅವನು ಊಟ ಬಿಟ್ಟು ಕೂತ.

ಕೊನೆಗೆ ಬಂಗಾರಪೇಟೆಯಿಂದ ಅರುಣಕುಮಾರಿಯ ಅಕ್ಕ ಆದಿಲಕ್ಷ್ಮಿ ಫೋನ್ ಮಾಡಿದಳು. ಮಗಳು ಭಾನುಪ್ರಿಯಳ ಮದುವೆ.

"ನೋಡಮ್ಮಾ ಅರುಣಾ, ನಿನ್ ಗಂಡ ಆಕಾಶ ನೋಡಲ್ಲ ಅಂತ ನೀನು ಮಾತು ಕೊಟ್ರೆ ಮೇಳ ಅವ್ರದೇ. ಇಲ್ಲಾಂದ್ರೆ ಬ್ಯಾಂಡ್‌ಸೆಟ್ಟಿನೋರಿಗೆ ಏಳ್ಬಿಡ್ತೀನಿ."

ಬ್ಯಾಂಡ್‌ಸೆಟ್! ಕೋದಂಡಪ್ಪನ ಎದೆಗೆ ಈಟಿ ನಾಟಿತು. ಮೇಲೆ ಹೇಳಿದ ಪ್ರತಿಜ್ಞೆ ಹುಟ್ಟಿದ್ದು ಆಗಲೇ. ಪ್ರತಿಜ್ಞೆಯೊಂದೇ ಸಾಲದು ಅಂತ, ಪಾರಿವಾಳಗಳನ್ನೆಲ್ಲ ಬುಟ್ಟಿಗಳಿಗೆ ತುಂಬಿ, ಬಂಗಾರಪೇಟೆಯ ಜಯರಾಮಪ್ಪನಿಗೆ ದಾನ ಮಾಡಿ ಬಂದ. ಜಯರಾಮಪ್ಪನೂ ಪಾರಿವಾಳದ ಹುಚ್ಚನೇ. ಹೊಸ ಜಾಗ ಒಗ್ಗುವ ತನಕ ಗೂಡಿನಲ್ಲೇ ಇಡುತ್ತೇನೆ ಅಂದ. ಅವನ ಮನೆ ಆದಿಲಕ್ಷ್ಮಿಯ ಮನೆಯ ಹಿಂದಿನ ಬೀದಿಯಲ್ಲೇ ಇದ್ದದ್ದರಿಂದ ಕೋದಂಡಪ್ಪ ಕೈ ಹಿಡಿದು ಬೇಡಿಕೊಂಡ: "ಮದ್ವೆ ದಿನ ಮಾತ್ರ ಬಿಡ್ಬ್ಯಾಡ ಜಯರಾಮಣ್ಣಾ, ನಿನ್ ದಮ್ಮಯ್ಯ!"

ಬುಟ್ಟಿ ಹೊರಡುವಾಗ ಅರುಣಕುಮಾರಿ ಹೊರಗೇ ಬರಲಿಲ್ಲ. "ಪೀಡೆ ತೊಲಗ್ತು" ಅಂತ ಒಳಗಿನಿಂದ ಕೂಗಿದಳು. ದನಿ ಯಾಕೋ ಮಂದವಾಗಿತ್ತು, ನೆಗಡಿ ಇರಬೇಕು ಅಂದುಕೊಂಡ.

ಮದುವೆಯ ದಿನ ಬಂತು. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ. ಅರುಣಕುಮಾರಿ ಬಂದವಳೇ ಮೇಳದವರ ಜಾಗ ಬದಲಾಯಿಸಿದಳು. ಗರಿ ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೆ ಚಾಪೆ, ಕೋದಂಡಪ್ಪನ ಮುಖ ಓರೆಯಾಗಿ ಗೋಡೆಯ ಕಡೆಗೆ!

"ಪುರೋಹಿತ್ರು ಕಾಣಿಸ್ಬ್ಯಾಡ್ವೇನೇ?"

"ಪುರೋಹಿತ್ರ ಬೆರಳೊಂದು ಕಾಣ್ಸುದ್ರೆ ಸಾಕು. ಯಜಮಾನ್ರೇ, ಇವತ್ತು ನಂ ಅಕ್ಕನ ಮುಂದೆ ನನ್ ಮರ್ಯಾದೆ ನಿಮ್ ಕತ್ತಿನ್ ಮೇಲೈತೆ!"

ಕೋದಂಡಪ್ಪ ಕತ್ತು ಬಗ್ಗಿಸಿಕೊಂಡು ಕೂತ. ಊದಲು ಶುರು ಮಾಡಿದ. ಬಹಳ ದಿನದ ಹಸಿವು ನೋಡಿ, ನಾಗಸ್ವರ ಮಾತಾಡತೊಡಗಿತು. ಮುದುಕಿಯರು ತಲೆದೂಗಿದರು. ಅಡುಗೆಯವರು ಸೌಟು ಹಿಡಿದೇ ಆಚೆ ಬಂದರು. ಅಷ್ಟರಲ್ಲಿ ಚಪ್ಪರದ ಅಂಚಿನ ಬಿಸಿಲಲ್ಲಿ, ನೆಲದ ಮೇಲೆ, ಒಂದು ನೆರಳು ಸುಯ್ ಅಂತ ಹರಿದುಹೋಯಿತು.

ಒಂದಲ್ಲ, ಒಂದು ಗುಂಪು.

ಕೋದಂಡಪ್ಪನ ಬೆನ್ನು ತಣ್ಣಗಾಯಿತು. ಆ ನೆರಳು ತಿರುಗುವ ರೀತಿ ಅವನಿಗೆ ಗೊತ್ತಿಲ್ಲವೆ? ಎಲ್ಲ ಒಟ್ಟಿಗೆ ಎಡಕ್ಕೆ, ಎಲ್ಲ ಒಟ್ಟಿಗೆ ಬಲಕ್ಕೆ. ನಡುವೆ ಒಂದು ನೆರಳು ತಟ್ಟನೆ ಮುದುಡಿ ಉರುಳಿತು. ರಾಣಿ! ಪಲ್ಟಿ ಹೊಡೆಯಿತು! ಅಯ್ಯೋ ಜಯರಾಮಪ್ಪಾ, ಏನು ಮಾಡಿಬಿಟ್ಟೆಯಯ್ಯಾ!

ಕತ್ತಿನ ನರಗಳೆಲ್ಲ ಮೇಲಕ್ಕೆ ಜಗ್ಗಿದವು. ಕೋದಂಡಪ್ಪ ಗಲ್ಲವನ್ನು ಎದೆಗೆ ಒತ್ತಿದ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕೂತಿದ್ದ ಅಕ್ಕಯ್ಯಮ್ಮ ಅನ್ನುವ ಅಜ್ಜಿ "ಎಂಥಾ ಭಕ್ತಿ ನೋಡ್ರಮ್ಮಾ, ಊದ್ತಾ ಊದ್ತಾ ಅಳ್ತಾವ್ರೆ" ಅಂದಳು.

ಪುರೋಹಿತರ ಬೆರಳು ಎದ್ದಿತು. "ಗಟ್ಟಿಮೇಳ! ಗಟ್ಟಿಮೇಳ!"

ಎದೆಯಲ್ಲಿದ್ದ ಗಾಳಿಯನ್ನೆಲ್ಲ ಕೋದಂಡಪ್ಪ ನಾಗಸ್ವರಕ್ಕೆ ಸುರಿದ. ಬೈರಪ್ಪ ಡೋಲು ಹರಿಯುವಂತೆ ಬಡಿದ. ಚಪ್ಪರದ ಕಂಬಗಳು ಅದುರಿದವು. ಆಗ ಆಯಿತು ನೋಡಿ! ಮೇಲಿದ್ದ ಹಿಂಡು ಒಮ್ಮೆಗೇ ರೆಕ್ಕೆ ಮಡಿಚಿ, ಸುರಿದ ಹಾಗೆ ಕೆಳಕ್ಕೆ ಬಂತು! ಚಪ್ಪರದ ಬದಿಯಿಂದ ಒಳಕ್ಕೆ ನುಗ್ಗಿತು. ವಧೂವರರ ತಲೆಯ ಮೇಲೆ ಒಂದು ಸುತ್ತು, ಬಿಳಿ ರೆಕ್ಕೆ, ಬೂದು ರೆಕ್ಕೆ, ಆ ಗಾಳಿಗೆ ತಟ್ಟೆಯಿಂದ ಹಾರುವ ಅಕ್ಷತೆ! ಭಾನುಪ್ರಿಯ ತಗ್ಗಿಸಿದ್ದ ತಲೆ ಎತ್ತಿ ಬಾಯಿ ತೆರೆದು ನೋಡಿದಳು. ವರನ ಕೈ ಗಂಟು ಹಾಕುತ್ತಲೇ ಇತ್ತು, ಕಣ್ಣು ಮಾತ್ರ ಮೇಲಿತ್ತು. ಅಕ್ಕಯ್ಯಮ್ಮ ಎರಡೂ ಕೈ ತಲೆಯ ಮೇಲೆತ್ತಿ ಮುಗಿದಳು. ಬಂದವರೆಲ್ಲ ಅಕ್ಷತೆ ಹಾಕುವುದನ್ನೇ ಮರೆತು ನಿಂತರು. ಆ ಗಳಿಗೆಯಲ್ಲಿ ಅಲ್ಲಿದ್ದ ಯಾರನ್ನೇ ಕೇಳಿ, ಈಗಲೂ ಮೈ ಜುಂ ಅಂತದೆ ಅನ್ನುತ್ತಾರೆ.

ನೋಡದೇ ಇದ್ದವನು ಒಬ್ಬನೇ. ಕಿವಿಗೆ ರೆಕ್ಕೆ ಸವರಿಕೊಂಡು ಹೋದರೂ ಕೋದಂಡಪ್ಪ ಪುರೋಹಿತರ ಬೆರಳಿನಿಂದ ಕಣ್ಣು ಕೀಳಲಿಲ್ಲ. ಮೂರನೇ ಗಂಟು ಬೀಳುವ ತನಕ ಒಂದು ಸ್ವರವನ್ನೂ ತಪ್ಪಿಸಲಿಲ್ಲ. ಪುಕ್ಕ ಮೂಗಿಗೆ ಹೋಗಿ ಪುರೋಹಿತರೇ ಜೋರಾಗಿ ಸೀನಿದರಂತೆ. ಯಾರಿಗೂ ಕೇಳಲಿಲ್ಲ!

ಗಂಟು ಬಿತ್ತು. ನಾಗಸ್ವರ ಕೆಳಗಿಟ್ಟು ಕೋದಂಡಪ್ಪ ಎದ್ದು ನಿಂತ. ಗೆದ್ದಿದ್ದ. ಎಲ್ಲರ ಕಣ್ಣೂ ಅರಳಿದ್ದವು. ನನ್ನ ನಾದ ಕೇಳಿ ಆಕಾಶದ ಹಕ್ಕಿಗಳೇ ಇಳಿದು ಬಂದವಲ್ಲ! ಅಪ್ಪ ಊದಿದಾಗ ಬಂದಿದ್ದವೆ? ತಾತ ಊದಿದಾಗ ಬಂದಿದ್ದವೆ? ಎರಡೂ ತೋಳು ಚಾಚಿ ಕರೆದ:

"ಬರ್ರಮ್ಮಾ, ನನ್ ಕಂದಗಳಾ, ಬರ್ರಿ!"

ಹಿಂಡು ಅವನ ತೋಳಿನ ಕೆಳಗಿಂದ ಹಾದು ಮುಂದಕ್ಕೆ ಹೋಯಿತು. ಒಂದೂ ನಿಲ್ಲಲಿಲ್ಲ. ನೆಟ್ಟಗೆ ಹೆಂಗಸರ ಸಾಲಿಗೆ ಹೋಗಿ, ಅಕ್ಷತೆ ಹಿಡಿದು ನಿಂತಿದ್ದ ಅರುಣಕುಮಾರಿಯ ಭುಜಕ್ಕೆ, ತಲೆಗೆ, ಹೊಸ ರೇಷ್ಮೆ ಸೀರೆಯ ಸೆರಗಿಗೆ ಇಳಿಯಿತು. ರಾಣಿ ಅವಳ ಮುಷ್ಟಿಯ ಮೇಲೆ ಕೂತು, ಬೆರಳು ಬಿಡಿಸು ಅನ್ನುವಂತೆ ಕುಕ್ಕಿತು.

ಅವಳು ಬಿಡಿಸಿದಳು. "ಬಂದ್ಯಾ ನಮ್ಮಮ್ಮಾ! ಎಷ್ಟು ಸೊರಗೋಗಿದ್ದೀಯೇ! ಆ ಜಯರಾಮಪ್ಪ ಏನೂ ಆಕಿಲ್ವಾ ನಿಂಗೆ?"

ಕೋದಂಡಪ್ಪನ ತೋಳುಗಳು ಚಾಚಿದ್ದು ಚಾಚಿದ ಹಾಗೇ ಇದ್ದವು.

"ಅರುಣಾ! ಏನೇ ಇದು?"

"ಏನಂದ್ರೆ? ಬೆಳಿಗ್ಗೆ ಬೆಳಿಗ್ಗೆ ನೀವು ಕಣ್ಮುಚ್ಕೊಂಡು ಊದ್ತಿದ್ರಿ. ಗಟ್ಟಿಮೇಳ ಮುಗಿಸೋ ಒತ್ಗೆ ನಾನು ಜೋಳ ಆಕ್ತಿದ್ದೆ. ಮೂಕಪ್ರಾಣಿಗಳು, ಸಂಜೆವರ್ಗೂ ಅಸ್ಕೊಂಡಿರ್ಬೇಕಾ?"

"ಬಟ್ಟೆ ಒಣಗಾಕ್ತೀನಿ ಅಂತಿದ್ದೆ?"

"ಮಳೇಲಿ ಯಾವ್ ಬಟ್ಟೆ ಒಣಗ್ತದೆ ಯಜಮಾನ್ರೇ?"

"ಬೆಕ್ಕಿಗೆ ಕೊಡ್ತೀನಿ ಅಂತಿದ್ದೆ?"

"ಬಾಯಿ ಮಾತು ಅದು. ಇಷ್ಟ ಅಂದಿದ್ರೆ ನೀವು ಇನ್ನಷ್ಟು ತಂದು ಮನೆ ತುಂಬಿಸ್ತಿದ್ರಿ!"

ಡೋಲಿನ ಬೈರಪ್ಪ ಬಾಯಿಗೆ ಟವಲು ಒತ್ತಿಕೊಂಡು ಅಲುಗಾಡುತ್ತಿದ್ದ. ಅಂದರೆ, ಇಷ್ಟು ವರ್ಷದ ಸಾಧನೆ ಆ ಹಕ್ಕಿಗಳ ಪಾಲಿಗೆ ಊಟದ ಗಂಟೆ! ಕೋದಂಡಪ್ಪ ತೋಳನ್ನು ಮೆಲ್ಲಗೆ ಇಳಿಸಿ, ಅಂಗವಸ್ತ್ರ ಸರಿಮಾಡಿಕೊಳ್ಳುವವನಂತೆ ನಟಿಸಿದ.

ಆಗ ಏದುಸಿರು ಬಿಡುತ್ತಾ ಜಯರಾಮಪ್ಪ ಓಡಿ ಬಂದ. "ತಪ್ಪಾಯ್ತು ಕೋದಂಡಣ್ಣಾ! ನೀರಿಡೋಕೆ ಬಾಗಿಲು ತೆಗ್ದೆ, ಅಷ್ಟೊತ್ಗೆ ನಿಮ್ ನಾಗಸ್ವರ ಕೇಳುಸ್ತು, ನನ್ನ ತಳ್ಕೊಂಡು ಆಚೆ ಬಂದ್ಬುಟ್ವು! ತಂದಾಗಿಂದ ಒಂದೂ ಸರಿಯಾಗಿ ಮೇವು ಮುಟ್ಟಿಲ್ಲ. ನೀವೇ ಕರ್ಕೊಂಡೋಗಿ ಸಾಮೀ, ಪಾಪ ಸುತ್ತಿಕೊಳ್ತದೆ ನಂಗೆ."

ಕೋದಂಡಪ್ಪ ಪ್ರತಿಜ್ಞೆ ನೆನೆದು ಹೆಂಡತಿಯ ಮುಖ ನೋಡಿದ. ಅರುಣಕುಮಾರಿ ಆಗಲೇ ಬುಟ್ಟಿ ಕೇಳುತ್ತಿದ್ದಳು.

ಸುದ್ದಿ ಬಂಗಾರಪೇಟೆಯಿಂದ ಊರೂರಿಗೆ ಹರಡಿತು. ಭಾನುಪ್ರಿಯಳ ಮದುವೆಗೆ ದೇವತೆಗಳೇ ಪಾರಿವಾಳದ ರೂಪದಲ್ಲಿ ಬಂದರು ಅಂತ ಕೆಲವರು. ಇಲ್ಲ, ಊರಿಗಾಂನವರದು, ಸಾಕಿದ್ದು ಅಂತ ಕೆಲವರು. ಸ್ವಲ್ಪ ದಿನದಲ್ಲೇ ಫೋನ್ ಬಂತು. ಎಲ್ಲಿಂದ? ಬೂದಿಕೋಟೆಯಿಂದ! ಸೀನಿದ್ದ ಸೋದರಮಾವನೇ ಮಾತಾಡುತ್ತಿದ್ದ, ಅವನ ಸ್ವಂತ ಮಗಳ ಮದುವೆಯಂತೆ.

ಕೋದಂಡಪ್ಪನ ಕಣ್ಣು ಮಂಜಾಯಿತು. ಎದ್ದು ನಿಂತು, ಮೊಳೆಯ ಮೇಲಿದ್ದ ಚೀಲವನ್ನು ಒಮ್ಮೆ ಮುಟ್ಟಿ, ಗತ್ತಿನಿಂದ ಕೇಳಿದ: "ಏಳಿ ಸಾಮಿ, ಮುಹೂರ್ತ ಯಾವತ್ತು? ಮೇಳದ ಸಮೇತ ಬತ್ತೀನಿ."

ಆ ಕಡೆಯಿಂದ ಮಾತು ಬಂತು: "ಅಮ್ಮನೋರು ಇದ್ರೆ ಫೋನ್ ಕೊಡ್ರಣ್ಣಾ. ಪಾರಿವಾಳ ಕರ್ಕೊಂಡು ಅವ್ರು ಬರ್ಬೇಕಿತ್ತು." ಒಂದು ಗಳಿಗೆ ಬಿಟ್ಟು, ಪಾಪ ಅನ್ನಿಸಿತೋ ಏನೋ, ಸೇರಿಸಿದ:

"ನೀವೂ ಬನ್ನಿ. ಅವನ್ನ ಊಟಕ್ಕೆ ಕರಿಯೋರು ಒಬ್ರು ಬೇಕಲ್ಲಾ!"